ಎಂಟು ದಿನ ಕಾಣದೇ ಹೋದ ಹುಳದ ಮೇಷ್ಟ್ರು

ಹುಣಸೇಮರದಹಳ್ಳಿಯಲ್ಲಿ ಹುಳ ಮೇಯುವ ಮೂರು ವಾರ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಜಗಳವಾಡಿಕೊಂಡು ಅಲ್ಲ, ರೇಷ್ಮೆ ಹುಳದ ಸಲುವಾಗಿ. ಹೊರಗಿನವರ ಕಾಲಿನ ಜೊತೆಗೆ ರೋಗವೂ ಒಳಗೆ ಬರುತ್ತದೆ ಎಂದು ಊರಿನ ಕಟ್ಟಳೆ. ನೆಂಟರು ಬಂದರೂ ಜಗುಲಿಯಲ್ಲೇ ನೀರು, ಜಗುಲಿಯಲ್ಲೇ ಊಟ. ಹುಳದ ಮನೆಯ ಹೊಸಿಲ ಮುಂದೆ ಸುಣ್ಣದ ಪುಡಿ ಹರಡಿರುತ್ತಾರೆ, ಮನೆಯವರೇ ಆದರೂ ಅದನ್ನು ತುಳಿದೇ ಒಳಗೆ ಕಾಲಿಡಬೇಕು. ಘಾಟು ಹುಳಕ್ಕೆ ಆಗದೆಂದು ಸಾರಿಗೆ ಒಗ್ಗರಣೆಯೂ ಇಲ್ಲ. ನಲವತ್ತು ಮನೆಯ ಗಂಡಸರು ಮೂರು ವಾರ ಸಪ್ಪೆ ಸಾರು ಉಂಡು ಮುಖ ಊದಿಸಿಕೊಂಡು ಓಡಾಡುತ್ತಾರೆ. ಹುಳಕ್ಕಿರುವ ಮರ್ಯಾದೆ ಅವರಿಗಿಲ್ಲ.

ಹೀಗೆ ಬಾಗಿಲು ಹಾಕಿಕೊಂಡ ನಲವತ್ತು ಮನೆಗಳಿಗೂ ಒಬ್ಬರೇ ಮೇಷ್ಟ್ರು, ದ್ಯಾವಪ್ಪನವರು. ಅವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಮೂವತ್ತು ವರ್ಷ ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಹುಳ ಸಾಕುವುದನ್ನು ಹೇಳಿಕೊಟ್ಟವರು, ಅದಕ್ಕೇ ಜನ ಅವರನ್ನು ಹುಳದ ಮೇಷ್ಟ್ರು ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಮಂಡಿ ಕೈಕೊಟ್ಟಿತು. ಮೂರು ಮೈಲಿ ಆಚೆಯ ತಮ್ಮ ಊರಿನಲ್ಲಿ ಕೂತು ಫೋನು ಹಿಡಿದರು. ದಿನಾ ಬೆಳಿಗ್ಗೆ ಆರಕ್ಕೆ ಒಂದು ವಿಡಿಯೊ. ಹಿಂದೆ ಬಿಳಿ ಗೋಡೆ, ಮುಂದೆ ಮೇಷ್ಟ್ರು, ಕೈಯಲ್ಲಿ ಶಾಖ ಅಳೆಯುವ ಗಾಜಿನ ಕಡ್ಡಿ. ಇವತ್ತು ಸೆಕೆ ಇಷ್ಟು, ತೇವ ಇಷ್ಟು, ಕಿಟಕಿ ತೆಗೆಯಿರಿ, ಹುಳದ ಹಾಸಿಗೆ ಒಣಗಿಸಿ, ಸೊಪ್ಪು ಹೀಗೆ ಹಾಕಿ ಎಂದು ಹೇಳಿ ನಮಸ್ಕಾರ ಮಾಡುತ್ತಿದ್ದರು. ಆಮೇಲೆ ಅದನ್ನು ನಿಲ್ಲಿಸುವುದು ತಿಳಿಯದೆ ತಡಕಾಡುವಾಗ ಐದು ಸೆಕೆಂಡು ಅವರ ಮನೆಯ ಫ್ಯಾನು ಕಾಣುತ್ತಿತ್ತು. ಹಾಡಿಲ್ಲ, ಕುಣಿತವಿಲ್ಲ, ಬಣ್ಣದ ಅಕ್ಷರಗಳಿಲ್ಲ. ಆದರೂ ಸುತ್ತ ಮೂವತ್ತು ಹಳ್ಳಿಯ ಹೆಂಗಸರು ಅವರನ್ನು ಫಾಲೋ ಮಾಡುತ್ತಿದ್ದರು.

ಆ ಹೆಂಗಸರಲ್ಲಿ ಮುನಿರತ್ನಮ್ಮನೂ ಒಬ್ಬಳು. ಅವಳು ರಾಗಿ ಬೆಳೆಯುವ ಊರಿನಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಮದುವೆಗೆ ಮುಂಚೆ ರೇಷ್ಮೆ ಹುಳವನ್ನು ಕಣ್ಣಲ್ಲೂ ಕಂಡಿರಲಿಲ್ಲ. ಅತ್ತೆ ಪಾಪಮ್ಮ ಒಂದು ಕಾಲಕ್ಕೆ ಊರಿಗೇ ಹೆಸರಾದ ಹುಳಗಾತಿ. ಬೆನ್ನು ಹಿಡಿದುಕೊಂಡ ಮೇಲೆ ಬೆಳೆಯನ್ನು ಸೊಸೆಯ ಕೈಗೆ ಬಿಟ್ಟಳು, ಆದರೆ ವಿದ್ಯೆ ಮಾತ್ರ ಬಿಟ್ಟುಕೊಡಲಿಲ್ಲ. ಕೇಳಿದರೆ, ಇದು ಹೇಳಿಕೊಟ್ಟರೆ ಬರುವಂಥದ್ದಲ್ಲ, ಕೈಗೆ ಒಗ್ಗಬೇಕು ಅನ್ನುತ್ತಿದ್ದಳು. ಸೊಸೆಯ ಕೈಗೆ ಅದು ಒಗ್ಗಲಿಲ್ಲ. ಮೊದಲ ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳಗಳು ಬೆಳ್ಳಗೆ ಸೆಟೆದುಕೊಂಡವು. ಎರಡನೆಯದು, ಹುಳ ಮೆತ್ತಗಾಗಿ ಸಾಯುವ ಸಪ್ಪೆ ರೋಗಕ್ಕೆ ಹೋಯಿತು. ಎರಡು ಸಲವೂ ಮುನಿರತ್ನಮ್ಮ ಸತ್ತ ಹುಳಗಳನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಅಲ್ಲೇ ಕೂತು ಅತ್ತಿದ್ದಳು.

ಮೂರನೇ ಬೆಳೆಗೆ ಮರಿಹುಳ ತಂದ ದಿನ ಪಾಪಮ್ಮ ಕಡ್ಡಿ ಮುರಿದಂತೆ ಹೇಳಿದಳು:

"ಈ ಸಲವೂ ಕೈಕೊಟ್ರೆ ತೋಟದಾಗಿರೋ ಹಿಪ್ಪುನೇರಳೆ ಎಲ್ಲಾ ಬುಡಸಮೇತ ಕೀಳಿಸ್ತೀನಿ. ಟೊಮೆಟೊ ಹಾಕಾನ. ಫೋನ್ ನೋಡ್ಕಂಡು ಹುಳ ಸಾಕೋ ಮನೇನ ನಾನೆಲ್ಲೂ ಕಂಡಿಲ್ಲ."

ಜಮೀನು ಪಾಪಮ್ಮನ ಹೆಸರಿನಲ್ಲಿತ್ತು. ಮುನಿರತ್ನಮ್ಮನ ಗಂಡ ಟೆಂಪೊ ಓಡಿಸುವವನು. ಅಮ್ಮ ಮತ್ತು ಹೆಂಡತಿಯ ನಡುವೆ ಮಾತು ಬಂದರೆ ಅವನಿಗೆ ಇದ್ದಕ್ಕಿದ್ದಂತೆ ಗಾಡಿಯ ಟೈರು ನೋಡುವ ಕೆಲಸ ನೆನಪಾಗುತ್ತಿತ್ತು. ಆದ್ದರಿಂದ ಮುನಿರತ್ನಮ್ಮನಿಗೆ ಗತಿ ಎಂದರೆ ಮೇಷ್ಟ್ರೊಬ್ಬರೇ. ಹಿಪ್ಪುನೇರಳೆ ಹೋದರೆ ಹುಳದ ಮನೆಯೂ ಹೋಗುತ್ತದೆ, ತಾನು ಈ ಊರಿನವಳು ಎಂದು ಅನ್ನಿಸಿಕೊಳ್ಳುವ ಆಸೆಯೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೆದ್ದೇ ತೀರಬೇಕೆಂದು ಅವಳು ಟೊಂಕ ಕಟ್ಟಿದಳು.

ಮೊದಲ ನಾಲ್ಕು ದಿನ ಎಲ್ಲ ಸರಿಯಾಗಿ ನಡೆಯಿತು. ಬೆಳಿಗ್ಗೆ ಫೋನು ತೆರೆದರೆ ಮೇಲೆಯೇ ಮೇಷ್ಟ್ರು ಇರುತ್ತಿದ್ದರು. ಅವರು ಹೇಳಿದಂತೆ ಮಾಡುತ್ತಿದ್ದಳು. ಐದನೇ ದಿನ ಸೊಪ್ಪು ಹಾಕಿ ಬಂದು ಕಾಲು ಚಾಚಿ ಕೂತಾಗ ಫೋನಿನಲ್ಲಿ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು. ಎಣ್ಣೆಯಲ್ಲಿ ಸಾಸಿವೆ ಚಟಪಟ ಅನ್ನುತ್ತಿತ್ತು. ಸಪ್ಪೆ ಸಾರು ಉಂಡ ನಾಲಿಗೆ, ಪಾಪ, ಏನು ಮಾಡೀತು? ಅವಳು ಅದನ್ನು ಮೂರು ಸಲ ನೋಡಿದಳು.

ಅಷ್ಟೇ ಸಾಕಾಯಿತು. ಮರುದಿನ ಫೋನಿನ ತುಂಬ ಬದನೆಕಾಯಿ. ಅದರ ಹಿಂದೆ ಹೋಳಿಗೆ, ಹೋಳಿಗೆಯ ಹಿಂದೆ ಬಳೆ ಅಂಗಡಿ, ಬಳೆ ಅಂಗಡಿಯ ಹಿಂದೆ ಸೀರೆ ಉಟ್ಟ ನಾಯಿಮರಿ. ಇವರಲ್ಲಿ ಯಾರನ್ನೂ ಅವಳು ಕರೆದಿರಲಿಲ್ಲ. ಅವಳು ಕರೆದಿದ್ದ ಒಬ್ಬರೇ ಒಬ್ಬರು, ಬಿಳಿ ಗೋಡೆಯ ಮುಂದಿನ ಮೇಷ್ಟ್ರು, ಎಲ್ಲೂ ಕಾಣಲಿಲ್ಲ. ಹೆಬ್ಬೆರಳು ನೋಯುವಷ್ಟು ಮೇಲಕ್ಕೆ ತಳ್ಳುತ್ತಾ ಹೋದಳು. ತಳ್ಳಿದಷ್ಟೂ ನಾಯಿಮರಿಗಳೇ ಬಂದವು.

ಇವತ್ತು ಹಾಕಿಲ್ಲವೇನೋ ಅಂದುಕೊಂಡಳು. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಮೇಷ್ಟ್ರಿಗೆ ಹುಷಾರಿಲ್ಲವೋ ಏನೋ ಎಂದು ಒಂದು ದಿನ ಕೊರಗಿದಳು. ಮಾರನೇ ದಿನ ಬೇರೊಂದು ಅನುಮಾನ ಹುಟ್ಟಿತು. ಎರಡು ವಾರದ ಹಿಂದೆ ಅವರ ವಿಡಿಯೊದ ಕೆಳಗೆ ಅವಳು ಒಂದು ಪ್ರಶ್ನೆ ಬರೆದಿದ್ದಳು. ಪೆದ್ದು ಪ್ರಶ್ನೆ ಎಂದು ಬೇಸರ ಮಾಡಿಕೊಂಡರೇ? ಎದುರು ಮನೆಯ ಅಂಜಿನಮ್ಮನನ್ನು ಕೇಳಿದಳು. ಕೇಳುವುದು ಎಂದರೆ ತನ್ನ ಬಾಗಿಲಲ್ಲಿ ನಿಂತು ಕೂಗುವುದು, ಅಂಜಿನಮ್ಮ ಅವಳ ಬಾಗಿಲಲ್ಲಿ ನಿಂತು ಕೂಗುವುದು. ತನಗೂ ಎಷ್ಟೋ ದಿನದಿಂದ ಕಂಡಿಲ್ಲ, ಮೇಷ್ಟ್ರಿಗೂ ವಯಸ್ಸಾಯಿತು, ಬಿಟ್ಟಿರಬೇಕು ಎಂದು ಅಂಜಿನಮ್ಮ ಹೇಳಿದಳು. ಅವಳ ಫೋನಿನಲ್ಲಿ ಬದನೆಕಾಯಿಯ ಬದಲು ಧಾರಾವಾಹಿಯ ತುಣುಕುಗಳು ತುಂಬಿದ್ದವು, ಅಷ್ಟೇ ವ್ಯತ್ಯಾಸ. ಹೀಗೆ ಬಾಗಿಲಿನಿಂದ ಬಾಗಿಲಿಗೆ ಮಾತು ಹರಿದು, ಮೇಷ್ಟ್ರು ವಿಡಿಯೊ ಬಿಟ್ಟರಂತೆ ಎಂದು ಇಡೀ ಬೀದಿ ತೀರ್ಮಾನ ಮಾಡಿಬಿಟ್ಟಿತು. ಹೋಗಿ ನೋಡಿಬರೋಣ ಅಂದರೆ ಹುಳ ಬಿಟ್ಟು ಮೂರು ಮೈಲಿ ಹೋಗುವವರು ಯಾರು?

ಮುನಿರತ್ನಮ್ಮ ಕಣ್ಣು ಕಟ್ಟಿದವಳಂತೆ ದಿನ ತಳ್ಳಿದಳು. ಹಿಂದೆ ಕೇಳಿದ್ದನ್ನು ನೆನಪು ಮಾಡಿಕೊಂಡು ಕಿಟಕಿ ತೆಗೆದಳು, ಸುಣ್ಣ ಎರಚಿದಳು. ದೇವರ ದಯೆ, ಹುಳ ಚೆನ್ನಾಗಿಯೇ ಬಂದವು. ರೇಷ್ಮೆ ಹುಳ ದೊಡ್ಡದಾಗುವ ನಡುವೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಮಲಗಿ, ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ಅಲ್ಲಿನವರು ಜ್ವರ ಅನ್ನುತ್ತಾರೆ. ಮೇಷ್ಟ್ರು ಕಾಣದೇ ಹೋದ ಎಂಟನೇ ದಿನ ಬೆಳಿಗ್ಗೆ ಅವಳ ಹುಳ ನಾಲ್ಕನೇ ಜ್ವರದಿಂದ ಎದ್ದವು. ಇದು ಕೊನೆಯ ಜ್ವರ. ಇಲ್ಲಿಂದ ಏಳು ದಿನ ಅವು ರಾಕ್ಷಸರಂತೆ ಮೇಯುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಹೊಸ ಚರ್ಮ ತೊಟ್ಟ ಸಾವಿರಾರು ಹುಳ ತಟ್ಟೆಗಳ ಮೇಲೆ ತಲೆ ಆಡಿಸುತ್ತಾ ಮೇವು ಹುಡುಕುತ್ತಿದ್ದವು. ಅವನ್ನು ನೋಡಿ ಅವಳಿಗೆ ಎದೆ ತುಂಬಿ ಬಂತು. ಇಷ್ಟು ದೂರ ಅವಳು ಹಿಂದೆಂದೂ ಬಂದಿರಲಿಲ್ಲ.

ಬೆಳಗಾಗುತ್ತಲೇ ಮೂಡಲ ಕಡೆಯ ತನ್ನ ತೋಟದಿಂದ ಎರಡು ದೊಡ್ಡ ಕುಕ್ಕೆ ಸೊಪ್ಪು ಕೊಯ್ದು ತಂದಳು. ಕೊಯ್ಯುವಾಗ ಏನೋ ಒಂದು ವಾಸನೆ ಮೂಗಿಗೆ ಬಡಿದಿತ್ತು. ಯಾರೋ ಗೊಬ್ಬರ ಹಾಕಿದ್ದಾರೆ ಅಂದುಕೊಂಡು ಸುಮ್ಮನಾಗಿದ್ದಳು. ಕುಕ್ಕೆ ಇಳಿಸಿ, ಕೈ ತೊಳೆದು, ಅಭ್ಯಾಸಬಲದಿಂದ ಒಮ್ಮೆ ಫೋನು ತೆರೆದಳು.

ಏನಾಶ್ಚರ್ಯ, ಮೇಷ್ಟ್ರು ಕಾಣಿಸಿದರು. ಎರಡು ನಾಯಿಮರಿಗಳ ನಡುವೆ, ಅದೇ ಬಿಳಿ ಗೋಡೆ, ಅದೇ ಗಾಜಿನ ಕಡ್ಡಿ. ಅವಳು ಎದ್ದು ನಿಂತು ಕೈ ಮುಗಿದಳು. ಮೇಷ್ಟ್ರು ಹೇಳುತ್ತಿದ್ದರು: ಸೊಪ್ಪು ಈಗ ಒಳ್ಳೆಯ ಹದದಲ್ಲಿದೆ, ಯೋಚನೆ ಬೇಡ, ಧಾರಾಳವಾಗಿ ಹಾಕಿ. ಅವಳಿಗೆ ಕೇಳಬೇಕಾದದ್ದೂ ಅದೇ. ಕುಕ್ಕೆಗೆ ಕೈ ಹಾಕಿ ಒಂದು ಹಿಡಿ ಸೊಪ್ಪು ಎತ್ತಿಕೊಂಡು ತಟ್ಟೆಯ ಹತ್ತಿರ ಹೋದಳು. ಹಿಂದಿನಿಂದ ಮೇಷ್ಟ್ರ ದನಿ ಇನ್ನೂ ಬರುತ್ತಿತ್ತು. ಮೂರನೇ ಜ್ವರದಿಂದ ಈಗ ತಾನೇ ಎದ್ದಿರುವ ಹುಳಗಳಿಗೆ ತೀರಾ ಬಲಿತ ಎಲೆ ಬೇಡ, ಎಂದಿತು ಆ ದನಿ.

ಮುನಿರತ್ನಮ್ಮನ ಕೈ ಅಲ್ಲೇ ನಿಂತಿತು. ಮೂರನೇ ಜ್ವರವೇ? ಸುತ್ತಲಿನ ಎಲ್ಲ ಊರಿಗೂ ಮರಿಹುಳ ಹಂಚಿದ್ದು ಒಂದೇ ದಿನ. ಅವಳ ಹುಳ ನಾಲ್ಕನೇ ಜ್ವರ ಎದ್ದಿದ್ದರೆ ಎಲ್ಲರ ಹುಳವೂ ನಾಲ್ಕನೆಯದನ್ನೇ ಎದ್ದಿರಬೇಕು. ಮೇಷ್ಟ್ರು ಊಟದ ಹೊತ್ತು ಮರೆತಾರು, ಜ್ವರದ ಲೆಕ್ಕ ತಪ್ಪುವವರಲ್ಲ. ಅವಳು ಸೊಪ್ಪನ್ನು ಕುಕ್ಕೆಗೆ ಹಾಕಿ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಮೇಷ್ಟ್ರ ಹೆಸರಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಿದ್ದವು. ಆರು ದಿನಗಳ ಹಿಂದೆ, ಎಂದಿತ್ತು.

ಆರು ದಿನದ ಹಿಂದಿನ ಮಾತನ್ನು ಈ ಫೋನು ಇವತ್ತಿನದೆಂಬಂತೆ ತಂದು ಮುಂದಿಟ್ಟಿತ್ತು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇನ್ನೊಂದು ಹೊಳೆಯಿತು. ಮೇಷ್ಟ್ರು ಎಂಟು ದಿನದಿಂದ ಏನೂ ಹಾಕಿಲ್ಲ ಎಂದು ಇಡೀ ಬೀದಿ ನಂಬಿದೆ, ಆರು ದಿನದ ಹಿಂದೆ ಇದನ್ನು ಹಾಕಿದ್ದಾರಲ್ಲ! ಹಾಗಾದರೆ ಇನ್ನೂ ಏನೇನು ಹಾಕಿದ್ದಾರೋ? ಅವೆಲ್ಲ ಎಲ್ಲಿ? ಅವಳು ಮೇಲಕ್ಕೆ ತಳ್ಳಲಿಲ್ಲ, ಕೆಳಕ್ಕೂ ತಳ್ಳಲಿಲ್ಲ. ಮೊದಲ ಸಲ, ಮೇಷ್ಟ್ರ ಹೆಸರಿನ ಮೇಲೆಯೇ ಬೆರಳಿಟ್ಟು ಒತ್ತಿದಳು.

ಮೇಷ್ಟ್ರ ಪುಟ ತೆರೆದುಕೊಂಡಿತು. ಅಲ್ಲಿ ಬದನೆಕಾಯಿ ಇರಲಿಲ್ಲ, ನಾಯಿಮರಿ ಇರಲಿಲ್ಲ. ಬಿಳಿ ಗೋಡೆಯ ಮುಂದೆ ಮೇಷ್ಟ್ರು, ಅದರ ಪಕ್ಕ ಮೇಷ್ಟ್ರು, ಅದರ ಕೆಳಗೂ ಮೇಷ್ಟ್ರು. ನಿನ್ನೆಯದಿತ್ತು, ಮೊನ್ನೆಯದಿತ್ತು, ಎಂಟು ದಿನದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅವಳ ಪೆದ್ದು ಪ್ರಶ್ನೆಗೆ ಒಂದು ಪೂರ್ತಿ ವಿಡಿಯೊದಲ್ಲಿ ಉತ್ತರವನ್ನೂ ಕೊಟ್ಟಿದ್ದರು. ಅವಳ ಕಣ್ಣು ಮಂಜಾಯಿತು. ಬಿಟ್ಟವರು ಮೇಷ್ಟ್ರಲ್ಲ, ಅವರ ಬಾಗಿಲಿಗೆ ಹೋಗದೆ ಕೂತವಳು ತಾನು ಎಂದು ಅವಳಿಗೆ ಅರ್ಥವಾಯಿತು.

ಎಲ್ಲಕ್ಕಿಂತ ಮೇಲೆ ಇವತ್ತಿನದಿತ್ತು. ಅದರಲ್ಲಿ ಬಿಳಿ ಗೋಡೆ ಇರಲಿಲ್ಲ. ಮೇಷ್ಟ್ರು ದಾರಿಯಲ್ಲಿ ಕೋಲೂರಿ ನಿಂತಿದ್ದರು, ಏದುಸಿರು ಬಿಡುತ್ತಿದ್ದರು.

"ಹುಣಸೇಮರದಹಳ್ಳಿಯೋರು ಎಲ್ಲರೂ ಕೇಳಿಸ್ಕೊಳ್ಳಿ. ನಿಮ್ಮೂರ ಮೂಡಲ ಕಡೆ ಟೊಮೆಟೊ ತೋಟಕ್ಕೆ ನಿನ್ನೆ ಸಂಜೆ ಔಷಧಿ ಹೊಡೆದವ್ರೆ. ಹೊಡೆದ ಆಳು ಈಗ ದಾರೀಲಿ ಸಿಕ್ಕಿ ಹೇಳ್ದ. ಗಾಳಿ ನಿಮ್ಮ ತೋಟದ ಕಡೆಗೇ ಬೀಸೈತೆ. ಆ ಕಡೆ ಸೊಪ್ಪು ಒಂದೆಲೇನೂ ಹುಳಕ್ಕೆ ಹಾಕಬೇಡಿ. ಹಾಕಿದ್ರೆ ಮಧ್ಯಾಹ್ನದೊಳಗೆ ಒಂದು ಹುಳ ಉಳಿಯಲ್ಲ."

ಮುನಿರತ್ನಮ್ಮ ಎರಡು ಕುಕ್ಕೆಯನ್ನೂ ದರದರ ಎಳೆದು ಹೊರಗೆ ದೂಡಿದಳು. ತೊಟ್ಟ ಬಟ್ಟೆ ಬದಲಾಯಿಸಿ, ಸೋಪು ಹಾಕಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಬೀದಿಯತ್ತ ನೋಡಿದಳು. ಊರಿನ ಮುಕ್ಕಾಲು ಪಾಲು ತೋಟಗಳು ಮೂಡಲಲ್ಲೇ ಇದ್ದವು. ಪ್ರತಿ ಮನೆಯ ಮುಂದೆಯೂ ಆಗ ತಾನೇ ಕೊಯ್ದು ತಂದ ಸೊಪ್ಪಿನ ಕುಕ್ಕೆ ಇತ್ತು. ಎಲ್ಲರ ಹುಳವೂ ಇವತ್ತೇ ಎದ್ದಿವೆ. ಇನ್ನು ಅರ್ಧ ಗಂಟೆಯಲ್ಲಿ ನಲವತ್ತು ಮನೆಯಲ್ಲೂ ಸೊಪ್ಪು ಹಾಕುತ್ತಾರೆ.

ಊರಿನ ಪಡುವಲಲ್ಲಿ, ಕೆರೆ ಏರಿಯ ಆಚೆ, ಗಾಳಿ ತಾಗದ ಕೆಲವು ತೋಟಗಳಿದ್ದವು. ಅದರಲ್ಲಿ ಅವರದೂ ಒಂದು ಚೂರು ಇತ್ತು. ಓಡಿ ಹೋದರೆ ತನ್ನ ಹುಳಕ್ಕೆ ಸೊಪ್ಪು ತರಬಹುದು. ಜ್ವರ ಎದ್ದ ಹುಳ ಹಸಿವು ತಾಳಿಕೊಂಡು ಬಹಳ ಹೊತ್ತು ಇರಲಾರದು, ತಡವಾದರೆ ಸೊರಗಿ ಗೂಡು ಸಣ್ಣದಾಗುತ್ತದೆ. ಜಗುಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಪಾಪಮ್ಮ, ಊರಿನ ಚಿಂತೆ ಊರಿನವರಿಗೆ ಬಿಟ್ಟು ಮೊದಲು ನಿನ್ನ ಹುಳ ನೋಡಿಕೋ ಅಂದಳು. ಈ ಬೆಳೆ ಹೋದರೆ ನಾನು ಅಂದದ್ದು ನೆನಪಿದೆ ತಾನೇ ಎಂದೂ ಸೇರಿಸಿದಳು.

ಮುನಿರತ್ನಮ್ಮ ಹೊಸಿಲ ಮೇಲೆ ಒಂದು ಕ್ಷಣ ನಿಂತಳು. ಒಳಗೆ ಅವಳ ಹುಳ ತಲೆ ಆಡಿಸುತ್ತಿದ್ದವು. ಹೊರಗೆ ಅಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಕುಕ್ಕೆಗೆ ಕೈ ಹಾಕುತ್ತಿದ್ದಳು. ಎರಡು ಸಲ ಗುಂಡಿ ತೋಡಿದವಳಿಗೆ ಹುಳ ಸಾಯುವುದೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಅವಳು ಪಡುವಲಿಗೆ ಓಡಲಿಲ್ಲ, ಬೀದಿಗೆ ಇಳಿದಳು.

"ಅಂಜಿನಕ್ಕಾ, ಆ ಸೊಪ್ಪು ಹಾಕಬ್ಯಾಡ. ವಿಷ ಐತೆ. ಮೇಷ್ಟ್ರು ಹೇಳವ್ರೆ."

ಅಂಜಿನಮ್ಮ ನಂಬಲಿಲ್ಲ. ಮೇಷ್ಟ್ರು ಬಿಟ್ಟು ಎಂಟು ದಿನವಾಯಿತಲ್ಲ, ನಿನಗೆ ಕನಸಿನಲ್ಲಿ ಹೇಳಿದರಾ ಎಂದು ನಕ್ಕಳು. ಎರಡು ಬೆಳೆ ಕೈಬಿಟ್ಟವಳ ಮಾತು ಕೇಳಿ ಹಸಿದ ಹುಳವನ್ನು ಕಾಯಿಸುವುದು ಅವಳಿಗೆ ಸರಿ ಕಾಣಲಿಲ್ಲ.

"ಬಿಟ್ಟಿಲ್ಲ ಕಣಕ್ಕ. ನಾವೇ ಹೋಗಿಲ್ಲ, ಅಷ್ಟೇ. ಬಂದಿದ್ದು ನೋಡ್ಕಂಡು ಕೂತಿದ್ವಿ ನಾವು. ನೀನೇ ಅವರ ಹೆಸರಿನ ಮೇಲೆ ಒತ್ತಿ ನೋಡು," ಅಂದಳು ಮುನಿರತ್ನಮ್ಮ.

ಅಂಜಿನಮ್ಮ ಫೋನು ತಂದಳು. ಹೆಸರು ಹುಡುಕಿದಳು, ಒತ್ತಿದಳು. ಏದುಸಿರಿನ ಮೇಷ್ಟ್ರ ದನಿ ಆ ಬಾಗಿಲಿನಿಂದಲೂ ಕೇಳಿತು. ಅಂಜಿನಮ್ಮನ ಮುಖದ ಬಣ್ಣವೇ ಇಳಿದುಹೋಯಿತು. ಕುಕ್ಕೆಯನ್ನು ಬೀದಿಗೆ ಸುರಿದು, ಎಡಗಡೆಯ ಮನೆಗಳು ನನಗಿರಲಿ, ಬಲಗಡೆ ನೀನು ಹೋಗು ಎಂದು ಹೊರಟಳು.

ಯಾರೂ ಯಾರ ಹೊಸಿಲೂ ದಾಟಲಿಲ್ಲ. ಪ್ರತಿ ಬಾಗಿಲ ಮುಂದೆ ನಿಂತು ಕೂಗಿದರು, ಫೋನು ಎತ್ತಿ ಹಿಡಿದು ತೋರಿಸಿದರು, ಹೆಸರಿನ ಮೇಲೆ ಒತ್ತಿ ಎಂದರು. ಕೇಳಿದವಳು ಇನ್ನೊಂದು ಬೀದಿಗೆ ಓಡಿದಳು. ಕೆಲವರು ಬೈದರು. ಕದಿರಮ್ಮ ಎಂಬವಳು ಆಗಲೇ ಎರಡು ತಟ್ಟೆಗೆ ಸೊಪ್ಪು ಹಾಕಿಬಿಟ್ಟಿದ್ದಳು. ಎಲ್ಲ ಸುಳ್ಳು ಎಂದು ಜೋರು ಮಾಡುತ್ತಿದ್ದವಳು ಒಳಗೆ ಹೋಗಿ ನೋಡಿದರೆ, ಆ ಎರಡು ತಟ್ಟೆಯ ಹುಳಗಳು ಹಸಿರು ನೀರು ಕಾರಿಕೊಂಡು ತಿರುಚಿಕೊಳ್ಳುತ್ತಿದ್ದವು. ಅವಳು ಅಳುತ್ತಲೇ ಮಿಕ್ಕ ಸೊಪ್ಪನ್ನು ಎಸೆದಳು. ಅವಳ ಮನೆಯ ಇನ್ನೂ ಹದಿನಾರು ತಟ್ಟೆ ಉಳಿದವು. ಊರಿನ ಬೇರೆ ಯಾವ ಮನೆಯಲ್ಲೂ ಒಂದು ಹುಳ ಸಾಯಲಿಲ್ಲ.

ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಮುನಿರತ್ನಮ್ಮನಿಗೆ ತನ್ನ ಹುಳದ ನೆನಪಾಯಿತು. ಕುಡುಗೋಲು ತರಲು ಓಡೋಡಿ ಮನೆಗೆ ಬಂದರೆ ಕುಡುಗೋಲು ಅಲ್ಲಿರಲಿಲ್ಲ. ಜಗುಲಿಯಲ್ಲಿ ಅತ್ತೆಯೂ ಇರಲಿಲ್ಲ. ಸುಣ್ಣ ತುಳಿದು ಹುಳದ ಮನೆಯ ಬಾಗಿಲು ತಳ್ಳಿದಳು. ಒಳಗಿನಿಂದ ಸಣ್ಣ ಮಳೆ ಬಿದ್ದಂಥ ಸದ್ದು ಬಂತು, ಸಾವಿರಾರು ಹುಳ ಒಟ್ಟಿಗೆ ಎಲೆ ತಿನ್ನುವ ಸದ್ದು. ಪಾಪಮ್ಮ ಒಂದು ಕೈಯಲ್ಲಿ ಬೆನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೊನೆಯ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು. ಏರಿಯ ಆಚೆಯ ಸೊಪ್ಪು. ಆ ಬೆನ್ನು ಹೊತ್ತುಕೊಂಡು ಅಷ್ಟು ದೂರ ಹೇಗೆ ಹೋಗಿಬಂದಳೋ ಅವಳಿಗೇ ಗೊತ್ತು. ಸೊಸೆಯ ಮುಖ ನೋಡದೆ, ಎಲೆಯನ್ನು ಹೀಗೆ ಅಡ್ಡಡ್ಡ ಹಾಕಬೇಕು, ಗಾಳಿ ಆಡುತ್ತದೆ ಎಂದು ಹೇಳಿದಳು. ಇಷ್ಟು ವರ್ಷದಲ್ಲಿ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಅದು.

ಆದರೆ ಒಂದು ಹೊತ್ತಿನ ಮೇವಿನಿಂದ ಊರು ಉಳಿಯುವುದಿಲ್ಲ. ಕೊನೆಯ ಏಳು ದಿನ ಹುಳಕ್ಕೆ ಬೇಕಾಗುವುದು ಬೆಟ್ಟದಷ್ಟು ಸೊಪ್ಪು. ಪಡುವಲ ತೋಟದವರು ಇದ್ದುದನ್ನು ಹಂಚಿದರು, ಅದು ಎರಡು ದಿನಕ್ಕೂ ಸಾಲದಾಯಿತು. ಮುನಿರತ್ನಮ್ಮ ಮೇಷ್ಟ್ರ ವಿಡಿಯೊದ ಕೆಳಗೆ ಊರಿನ ಕಷ್ಟವನ್ನು ಬರೆದಳು. ಈ ಸಲ ಪೆದ್ದು ಪ್ರಶ್ನೆಯಾದೀತೆಂದು ಹಿಂಜರಿಯಲಿಲ್ಲ. ಮೇಷ್ಟ್ರು ಅಂದೇ ಮಧ್ಯಾಹ್ನ ಇನ್ನೊಂದು ವಿಡಿಯೊ ಹಾಕಿದರು. ಹುಣಸೇಮರದಹಳ್ಳಿಗೆ ಸೊಪ್ಪು ಬೇಕು, ಯಾರ ತೋಟದಲ್ಲಿ ಹೆಚ್ಚಿದೆಯೋ ಅವರು ಕೊಡಿ ಎಂದು ಕೇಳಿದರು. ಜೊತೆಗೆ, ನನ್ನ ಮಾತು ನಿಮಗೆ ತಾನಾಗಿ ಕಾಣದಿದ್ದರೆ ನನ್ನ ಹೆಸರಿಗೇ ಬಂದು ನೋಡಿ, ಹಾಗೆಂದು ನಿಮ್ಮ ಪಕ್ಕದ ಮನೆಯವರಿಗೂ ಹೇಳಿ ಎಂದರು. ಅದನ್ನು ಹೇಳಬೇಕೆಂದು ಅವರಿಗೆ ಹೊಳೆದದ್ದು ಮುನಿರತ್ನಮ್ಮ ಬರೆದ ಮೇಲೆಯೇ.

ಮಾರನೇ ಬೆಳಿಗ್ಗೆಯಿಂದ ಸೊಪ್ಪು ಬರತೊಡಗಿತು. ಒಂದು ಊರಿನಿಂದ ಹತ್ತು ಹೊರೆ, ಇನ್ನೊಂದರಿಂದ ಇಪ್ಪತ್ತು. ಮುನಿರತ್ನಮ್ಮನ ಗಂಡ ರೋಗ ಬರದಿರಲೆಂದು ಟೆಂಪೊವನ್ನು ಮೂರು ಸಲ ತೊಳೆದ. ಈ ಸಲ ಟೈರು ನೋಡಲು ಹೋಗದೆ, ತಾನೇ ಊರೂರು ತಿರುಗಿ ಸೊಪ್ಪು ತುಂಬಿಕೊಂಡು ಬಂದ. ಬೇಲಿಯ ಜಗಳವಿದ್ದ ಊರಿನವರೂ ಹೊರೆ ಕಳಿಸಿದರು. ಏಳು ದಿನ ನಲವತ್ತು ಮನೆಯಲ್ಲೂ ಆ ಮಳೆಯ ಸದ್ದು ನಿಲ್ಲಲಿಲ್ಲ.

ಎಂಟನೇ ದಿನ ಹುಳ ಹಣ್ಣಾದವು. ಮೈ ಗಾಜಿನಂತೆ ಹೊಳೆಯಿತು, ಮೇವು ಬಿಟ್ಟು ಮೇಲೆ ಹತ್ತಲು ಜಾಗ ಹುಡುಕಿದವು. ಮುನಿರತ್ನಮ್ಮ ಒಂದೊಂದನ್ನೇ ಹೂವಿನಂತೆ ಎತ್ತಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟಳು. ಐದು ದಿನ ಕಳೆದು ನೋಡಿದರೆ ಚಂದ್ರಿಕೆಯ ಸುತ್ತುಗಳ ತುಂಬ ಗೂಡು, ಒಂದರ ಪಕ್ಕ ಒಂದು, ಎಲ್ಲೂ ಖಾಲಿ ಜಾಗವಿಲ್ಲ. ಪಾಪಮ್ಮ ಒಂದು ಗೂಡನ್ನು ಬಿಡಿಸಿ ಬೆರಳುಗಳ ನಡುವೆ ಒತ್ತಿದಳು. ಬಗ್ಗಲಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಗಲಗಲ ಅಂದಿತು. ಇನ್ನೊಂದನ್ನು ಒತ್ತಿದಳು, ಮತ್ತೊಂದನ್ನು ಒತ್ತಿದಳು. ತಪ್ಪು ಹುಡುಕುತ್ತಿದ್ದಾಳೋ ಎಂದು ಸೊಸೆ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಹುಡುಕುವುದಕ್ಕೆ ತಪ್ಪು ಇರಲಿಲ್ಲ.

ಗೂಡು ಬಿಡಿಸುವ ದಿನ ಊರಿನ ಹೆಂಗಸರೆಲ್ಲ ಸೇರಿ ಮೇಷ್ಟ್ರನ್ನು ಟೆಂಪೊದಲ್ಲಿ ಕರೆಸಿದರು. ಮುನಿರತ್ನಮ್ಮ ಅವರ ಕಾಲಿಗೆ ಬಿದ್ದು, ನೀವು ಬಿಟ್ಟುಬಿಟ್ಟಿರಿ ಎಂದು ತಪ್ಪು ತಿಳಿದೆವು ಎಂದು ಒಪ್ಪಿಕೊಂಡಳು. ಮೇಷ್ಟ್ರು ಅವಳನ್ನು ಎಬ್ಬಿಸಿದರು.

"ನಾನೂ ತಪ್ಪು ತಿಳ್ಕೊಂಡಿದ್ದೆ ಕಣಮ್ಮ," ಅಂದರು. "ಎಂಟು ದಿನ ವಿಡಿಯೊ ಕೆಳಗೆ ನಿಮ್ಮೂರಿನವರ ಒಂದು ಹೆಸರೂ ಕಾಣಲಿಲ್ಲ. ಈ ಮುದುಕ ಇವರಿಗೆ ಬೇಡವಾದ ಅಂದ್ಕೊಂಡೆ. ಆದ್ರೂ ಹುಳ ಏನು ತಪ್ಪು ಮಾಡೈತೆ ಅಂತ ದಿನಾ ಹಾಕ್ತಾನೇ ಇದ್ದೆ."

ಹೆಂಗಸರು ತಲೆ ತಗ್ಗಿಸಿದರು. ಆಮೇಲೆ ಮುನಿರತ್ನಮ್ಮ ಜಗುಲಿಯ ಮೇಲೆ ನಿಂತು ತಾನು ಈ ದಿನಗಳಲ್ಲಿ ಕಲಿತದ್ದನ್ನು ಎಲ್ಲರಿಗೂ ತೋರಿಸಿದಳು. ನಾವು ಫಾಲೋ ಮಾಡುವವರನ್ನು ಮಾತ್ರ, ಹೊಸದು ಮೊದಲು ಬರುವಂತೆ ತೋರಿಸುವ ಪಟ್ಟಿ ಮೂಲೆಯಲ್ಲಿ ಅಡಗಿಕೊಂಡಿರುತ್ತದೆ, ಅದನ್ನು ಹೀಗೆ ತೆಗೆಯಬೇಕು. ಮೇಷ್ಟ್ರ ಹೆಸರಿನ ಪಕ್ಕದ ಗಂಟೆಯ ಗುರುತನ್ನು ಒತ್ತಿದರೆ ಅವರು ಹಾಕಿದ ಕೂಡಲೇ ಫೋನು ಕೂಗುತ್ತದೆ. ಅದೂ ಕೂಗದಿದ್ದರೆ ದಿನಾ ಬೆಳಿಗ್ಗೆ ಅವರ ಪುಟಕ್ಕೇ ಹೋಗಬೇಕು. ಏನು ಕಂಡರೂ ಮೊದಲು ಹೆಸರಿನ ಕೆಳಗಿನ ದಿನ ನೋಡಬೇಕು. ಎರಡು ಬೆಳೆ ಕೈಬಿಟ್ಟವಳ ಮುಂದೆ ನಲವತ್ತು ಮನೆಯ ಹುಳಗಾತಿಯರು ಫೋನು ಹಿಡಿದು ಕಲಿಯುತ್ತಿದ್ದರು. ಕದಿರಮ್ಮ ಮಾತ್ರ ಎರಡು ಸಲ ಕೇಳಿದಳು, ಮುನಿರತ್ನಮ್ಮ ಎರಡು ಸಲವೂ ಹೇಳಿದಳು.

ಅಷ್ಟರಲ್ಲಿ ಒಳಗಿನಿಂದ ಪಾಪಮ್ಮ ಬಂದಳು. ಮಡಿಲಿನ ತುಂಬ ಬೆಳ್ಳನೆಯ ಗೂಡು. ಅವಳು ಒಂದು ಗೂಡನ್ನು ಮೇಷ್ಟ್ರ ಅಂಗೈಯಲ್ಲಿಟ್ಟು, ಒತ್ತಿ ನೋಡಿ ಅಂದಳು. ಮೇಷ್ಟ್ರು ಒತ್ತಿ ನೋಡಿ, ನಿನ್ನ ಕಾಲದ ಗೂಡಿಗಿಂತ ಗಟ್ಟಿ ಇದೆ ಎಂದರು. ಪಾಪಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಸೊಸೆಯ ಕಡೆ ತಿರುಗಿ, ಇಡೀ ಊರಿಗೆ ಕೇಳುವಂತೆ ಹೇಳಿದಳು:

"ಮೂಡಲ ಕಡೆ ಬೀಳು ಬಿಟ್ಟಿರೋ ಅರ್ಧ ಎಕರೆಗೂ ಹಿಪ್ಪುನೇರಳೆ ಕಡ್ಡಿ ನೆಡಿಸು. ಟೊಮೆಟೊ ಅನ್ನೋದು ಈ ಮನೇಲಿ ಇನ್ನ ಸಾರಿಗಷ್ಟೇ."

ನೀತಿ: ಒಳ್ಳೆಯ ಮಾತು ಹೇಳುವವರನ್ನು ಒಮ್ಮೆ ಆರಿಸಿಕೊಂಡರೆ ಸಾಲದು, ಅವರ ಬಾಗಿಲಿಗೆ ನಾವೇ ನಡೆದು ಹೋಗಿ ಕೇಳಬೇಕು. ಕಣ್ಣ ಮುಂದೆ ತಾನಾಗಿ ಬಂದು ಬೀಳುವುದು ನಾವು ಕೇಳಿದ್ದೂ ಆಗಿರಲಿಕ್ಕಿಲ್ಲ, ಇವತ್ತಿನದೂ ಆಗಿರಲಿಕ್ಕಿಲ್ಲ. ನಮ್ಮವರು ಕಾಣದಿದ್ದಾಗ ಅವರು ನಮ್ಮನ್ನು ಬಿಟ್ಟರೆಂದು ತೀರ್ಮಾನಿಸುವ ಮೊದಲು, ನಾವು ಅವರನ್ನು ಹುಡುಕಿದೆವೇ ಎಂದು ಕೇಳಿಕೊಳ್ಳಬೇಕು. ಹುಡುಕಿ ಸಿಕ್ಕ ಒಳ್ಳೆಯದನ್ನು ಪಕ್ಕದ ಮನೆಗೂ ಮುಟ್ಟಿಸಿದವರ ಬೆಳೆ ಊರಿಗೆಲ್ಲ ಬೆಳೆಯಾಗುತ್ತದೆ.